ಮಾವನ ಹೆಸರಿನ ಐದು ಸೆಂಟ್ಸ್

ಜೆಪ್ಪುವಿನ ಮೋಹಿನಿಗೆ ಸಿಟ್ಟು ಜಾಸ್ತಿ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ, ಹೇಳುವವರ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ. ಆದರೆ ಹೇಳುವ ಮೊದಲು ಒಂದು ಸಲ ಯೋಚಿಸಬೇಕು. ತಾನೇ ದುಡಿದು ತೆಗೆದ ಜಾಗದಲ್ಲಿ, ತಾನೇ ನಿಂತು ಕಟ್ಟಿಸಿದ ಮನೆಯಲ್ಲಿ, ಹೆತ್ತ ತಾಯಿಗೆ ಒಂದು ಬಾತ್‌ರೂಮು ಕಟ್ಟಿಕೊಡಬೇಕಾದರೆ ದಿಲ್ಲಿಯ ಕೋರ್ಟಿನ ಅಪ್ಪಣೆ ಬೇಕು, ಆ ಅಪ್ಪಣೆ ಎಷ್ಟು ವರ್ಷ ಕಾದರೂ ಬರುವುದಿಲ್ಲ ಎಂದಾದರೆ ಯಾರಿಗಾದರೂ ಸಿಟ್ಟಲ್ಲದೆ ಇನ್ನೇನು ಬರುತ್ತದೆ? ನಗು ಬರುತ್ತದೆಯೇ?

ಹಾಗೆಂದು ಅವಳು ಮೊದಲು ಸಾಧುವಾಗಿದ್ದಳು, ಕೋರ್ಟು ಅವಳನ್ನು ಕೆಡಿಸಿತು ಎಂದೇನೂ ಅಲ್ಲ. ಸಿಟ್ಟನ್ನು ಮೂಗಿನ ತುದಿಯಲ್ಲಿ ಇಟ್ಟುಕೊಂಡೇ ಹುಟ್ಟಿದವಳು. ಸಣ್ಣ ವಯಸ್ಸಿನಲ್ಲೇ ಶಾಲೆ ಬಿಟ್ಟು, ಬೋಟು ಬಂದು ನಿಲ್ಲುವ ಧಕ್ಕೆಯಿಂದ ಮೀನಿನ ಬುಟ್ಟಿ ಹೊತ್ತು ಜೆಪ್ಪು, ಮಾರ್ನಮಿಕಟ್ಟೆ ಎಂದು ಮನೆ ಮನೆ ತಿರುಗಿದಳು. ಈಗ ಕುತ್ತಿಗೆ ಹಿಡಿಯುತ್ತದೆಂದು ಬುಟ್ಟಿ ಬಿಟ್ಟು ಮಾರ್ಕೆಟ್ಟಿನಲ್ಲಿ ಒಂದು ಮರದ ಮಣೆಯ ಮೇಲೆ ಕುಳಿತು ಮಾರುತ್ತಾಳೆ. ಬಂಗುಡೆಯ ಕಿವಿರು ಎತ್ತಿ ಎತ್ತಿ ನೋಡುವ ಗಿರಾಕಿಯನ್ನು ಕಂಡರೆ, "ಮದುವೆಗೆ ಮೊದಲು ಗಂಡನನ್ನೂ ಹೀಗೇ ಎತ್ತಿ ನೋಡಿದ್ದಾ?" ಎಂದು ಕೇಳುತ್ತಾಳೆ. ಕೇಳಿಸಿಕೊಂಡವರು ಮುಖ ಊದಿಸಿಕೊಂಡು ಹೋಗುತ್ತಾರೆ, ಎರಡು ದಿನ ಬಿಟ್ಟು ಮತ್ತೆ ಅವಳಲ್ಲಿಗೇ ಬರುತ್ತಾರೆ. ಹಳಸಿದ ಮೀನು ಮೋಹಿನಿಯ ಮಣೆಯ ಮೇಲೆ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಗಂಡ ನೋಣಯ್ಯ ಪಾಪದ ಮನುಷ್ಯ, ಆಳಸಮುದ್ರದ ಬೋಟಿನಲ್ಲಿ ಹೋಗುವವನು. ಮನೆಯಲ್ಲಿ ಗಲಾಟೆ ಶುರುವಾಗುವ ಲಕ್ಷಣ ಕಂಡರೆ ಅವನು ಬಲೆಯ ಕೆಲಸ ಇದೆ ಎಂದು ಎದ್ದು ಬಿಡುತ್ತಾನೆ.

ಈ ಕೇಸಿನ ಕಥೆ ಶುರುವಾದದ್ದು ಒಂದು ನಂಬಿಕೆಯಿಂದ. ಮೋಸದಿಂದ ಶುರುವಾಗಿದ್ದರೆ ಬೈಯಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ.

ಆಗ ಮೋಹಿನಿಯ ಮನೆಯಲ್ಲಿ ಇದ್ದದ್ದು ತಾಯಿ ಕಿನ್ನಿ, ಕಿನ್ನಿಯ ತಮ್ಮ ಸೇಸಪ್ಪ, ಅಂದರೆ ಮೋಹಿನಿಯ ಸೋದರಮಾವ. ಇವರ ಜನರಲ್ಲಿ ಕುಟುಂಬ ಎಂದರೆ ತಾಯಿಯ ಕಡೆಯದು. ಮಕ್ಕಳು ತಾಯಿಯ ಬಳಿಗೆ ಸೇರಿದವರು. ಗಂಡಸು ಮದುವೆಯಾಗಿ ಮಕ್ಕಳನ್ನು ಹುಟ್ಟಿಸಿದರೂ ಅವನು ಯಜಮಾನಿಕೆ ಮಾಡುವುದು ಅಕ್ಕತಂಗಿಯರ ಮನೆಯಲ್ಲಿ, ಅವನ ಆಸ್ತಿ ಹೋಗುವುದು ಅಕ್ಕತಂಗಿಯರ ಮಕ್ಕಳಿಗೆ. ಅಳಿಯಸಂತಾನ ಎಂದು ಅದಕ್ಕೆ ಹೆಸರು. ಕಾನೂನು ಬದಲಾಗಿ ಎಷ್ಟೋ ಕಾಲವಾಗಿತ್ತು, ನಿಜ. ಆದರೆ ಬದಲಾಗಿದೆ ಎಂದು ಕಿನ್ನಿಯ ಮನೆಗೆ ಬಂದು ಯಾರೂ ಹೇಳಿರಲಿಲ್ಲ.

ಬುಟ್ಟಿ ಹೊತ್ತ ದುಡ್ಡು ಕೂಡಿಸಿ ಮೋಹಿನಿ ಜೆಪ್ಪುವಿನಲ್ಲಿ ಐದು ಸೆಂಟ್ಸ್ ಜಾಗ ಗೊತ್ತುಮಾಡಿದಳು. ರಿಜಿಸ್ಟ್ರಿಗೆ ಹೋಗುವ ಹಿಂದಿನ ದಿನ ಸೇಸಪ್ಪ ಮಾವನೇ ಹೇಳಿದ್ದರು, "ಅವಳು ದುಡಿದದ್ದು, ಅವಳ ಹೆಸರಿಗೇ ಆಗಲಿ" ಎಂದು.

ಕಿನ್ನಿ ಒಪ್ಪಲಿಲ್ಲ. "ಯಜಮಾನ ಜೀವಂತ ಇರುವಾಗ ಹುಡುಗಿಯ ಹೆಸರಿಗೆ ಜಾಗ ಮಾಡಿದರೆ ಜನ ಎಂತ ಹೇಳ್ತಾರೆ? ಮಾವನ ಮೇಲೆ ನಂಬಿಕೆ ಇಲ್ಲ ಅಂತ ಹೇಳುವುದಿಲ್ಲವಾ? ನಿನ್ನ ಹೆಸರಿಗೆ ಆದರೆ ಎಂತ, ಇವಳ ಹೆಸರಿಗೆ ಆದರೆ ಎಂತ. ಎಲ್ಲಿಗೆ ಹೋಗ್ತದೆ ಅದು? ನಿನ್ನ ಕಾಲ ಆದ ಮೇಲೆ ಇವಳಿಗೇ ಬರ್ತದಲ್ಲ."

ಮೋಹಿನಿಗೂ ಅದು ಸರಿ ಎಂದೇ ಕಂಡಿತು. ಅವಳೇ ಮಾವನಿಗೆ ಹೊಸ ಅಂಗಿ ತಂದುಕೊಟ್ಟು, ಅವಳೇ ಜೊತೆಗೆ ಹೋಗಿ, ಅವರು ಸಹಿ ಹಾಕುವುದನ್ನು ಹೆಮ್ಮೆಯಿಂದ ನೋಡಿ ಬಂದಳು. ಅಳಿಯಸಂತಾನದ ಹೊರಗಿನ ಯಾವ ಹೆಂಗಸೂ ಮಾಡಲಾರದ ತಪ್ಪು ಅದು. ಆವತ್ತು ಅದು ತಪ್ಪು ಎಂದು ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ.

ಸೇಸಪ್ಪನಿಗೆ ಶಕ್ತಿನಗರದ ಕಡೆ ಹೆಂಡತಿಯ ಮನೆ ಇತ್ತು, ಒಬ್ಬ ಮಗನಿದ್ದ, ಯೋಗೀಶ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಬರುತ್ತಿದ್ದರು. ತೀರಿಕೊಂಡದ್ದು ಜೆಪ್ಪುವಿನ ಮನೆಯಲ್ಲೇ, ಅಕ್ಕನ ಕೈಯಿಂದ ಗಂಜಿ ಕುಡಿದ ಮೇಲೆ. ಹದಿಮೂರನೆಯ ದಿನದ ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟ ಮುಗಿದು ಶಾಮಿಯಾನ ಬಿಚ್ಚಿದ್ದರಷ್ಟೇ. ಕೊಲ್ಲಿಯಿಂದ ಬಂದಿದ್ದ ಯೋಗೀಶನ ವಕೀಲರಿಂದ ನೋಟೀಸು ಬಂತು. ತಂದೆಯ ಹೆಸರಿನಲ್ಲಿರುವ ಜಾಗ ಮಗನದ್ದು, ಖಾಲಿ ಮಾಡಿ.

ಮೋಹಿನಿ ಆ ನೋಟೀಸನ್ನು ಹಿಡಿದುಕೊಂಡೇ ಬಸ್ಸು ಹತ್ತಿ ಹೋಗಿ ಅವನ ಮನೆಯ ಎದುರು ನಿಂತು ಬಾಯಿಗೆ ಬಂದ ಹಾಗೆ ಬೈದು ಬಂದಳು. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ಕೇಳಿದರು. ಯೋಗೀಶ ಒಳಗಿನಿಂದ ಬಾಗಿಲು ಹಾಕಿಕೊಂಡ. ಆಮೇಲೆ ಇಬ್ಬರೂ ನೇರ ಮಾತಾಡಿದ್ದೇ ಇಲ್ಲ. ಎಲ್ಲ ಮಾತೂ ವಕೀಲರದ್ದೇ.

ಮಂಗಳೂರಿನ ಕೋರ್ಟು ಮನೆ ಮೋಹಿನಿಯ ಕುಟುಂಬದ್ದು ಎಂದಿತು. ಅದರ ಮೇಲಿನದ್ದು ಯೋಗೀಶನದ್ದು ಎಂದಿತು. ಬೆಂಗಳೂರಿನದ್ದು ತಿರುಗಿ ಮೋಹಿನಿಯದ್ದು ಎಂದಿತು. ಯೋಗೀಶ ದಿಲ್ಲಿಗೆ, ಸುಪ್ರೀಂ ಕೋರ್ಟಿಗೆ ಹೋದ. ಒಂದೇ ಮನೆ, ಒಂದೇ ಕಾಗದ, ಓದಿದ ದೊಡ್ಡ ಮನುಷ್ಯರು ಒಬ್ಬರು ಹೌದು ಎಂದದ್ದನ್ನು ಇನ್ನೊಬ್ಬರು ಅಲ್ಲ ಎನ್ನುತ್ತಾರೆ. ಮೀನು ಮಾರುವವಳು ಹೀಗೆ ಮಾತು ಬದಲಿಸಿದ್ದರೆ ಮಾರ್ಕೆಟ್ಟಿನಲ್ಲಿ ಮಣೆ ಎತ್ತಿ ಬಿಸಾಡುತ್ತಿದ್ದರು.

ಮೋಹಿನಿಯ ವಕೀಲರು ರುಡೊಲ್ಫ್. ಒಳ್ಳೆಯ ಮನುಷ್ಯ, ಸಮಾಧಾನಿ. ಆ ಸಮಾಧಾನವನ್ನು ಕಂಡರೇ ಮೋಹಿನಿಗೆ ಮೈ ಉರಿಯುತ್ತದೆ.

"ನಿಮ್ಮ ಕೇಸಿನಂಥದ್ದೇ ಬೇರೆ ಎಷ್ಟೋ ಕೇಸು ಉಂಟು ಮೋಹಿನಿಯಕ್ಕ, ಉಡುಪಿ, ಕಾಸರಗೋಡು ಎಲ್ಲ ಕಡೆಯಿಂದ. ಪ್ರಶ್ನೆ ಒಂದೇ. ಯಜಮಾನನ ಹೆಸರಿನಲ್ಲಿ ತೆಗೆದ ಜಾಗ ಹೊಸ ಕಾನೂನು ಬಂದ ಮೇಲೂ ಕುಟುಂಬಕ್ಕೆ ಸೇರ್ತದಾ, ಇಲ್ಲ ಅವನ ಹೆಂಡತಿ ಮಕ್ಕಳಿಗಾ? ಅದಕ್ಕೆ ಎಲ್ಲವನ್ನೂ ಒಟ್ಟಿಗೆ ಕಟ್ಟಿದ್ದಾರೆ. ಒಟ್ಟಿಗೇ ತೀರ್ಪು."

"ಯಾವಾಗ ಸರ್?"

"ಅದು ಹೇಳಲಿಕ್ಕೆ ಆಗುವುದಿಲ್ಲ. ಅಲ್ಲಿಯವರೆಗೆ ಯಥಾಸ್ಥಿತಿ. ಇದ್ದದ್ದು ಇದ್ದ ಹಾಗೆ ಇರಬೇಕು. ಮಾರುವ ಹಾಗಿಲ್ಲ, ಒಡೆಯುವ ಹಾಗಿಲ್ಲ, ಹೊಸತು ಕಟ್ಟುವ ಹಾಗಿಲ್ಲ."

ಇದ್ದದ್ದು ಇದ್ದ ಹಾಗೆ ಇರಬೇಕಂತೆ. ಕಾಗದದಲ್ಲಿ ಬರೆಯಲು ಚಂದ. ಕಿನ್ನಿಯ ಮೊಣಕಾಲಿಗೆ ಆ ಆರ್ಡರು ಯಾರೂ ಓದಿ ಹೇಳಲಿಲ್ಲ. ವರ್ಷ ಹೋದ ಹಾಗೆ ಎರಡೂ ಕಾಲು ಬಿಗಿದುಕೊಂಡು ಅವಳು ಗೋಡೆ ಹಿಡಿದು ನಡೆಯುವಂತಾದಳು. ಮನೆ ಕಟ್ಟಿಸುವಾಗ ಒಳಗೆ ಕಕ್ಕಸು ಇಡುವುದು ಎಂದರೆ ಹೇಸಿಗೆ, ಅದಕ್ಕೆ ಬಾತ್‌ರೂಮು ಹೊರಗೆ ಬಾವಿಯಾಚೆ, ಕೆಂಪುಕಲ್ಲಿನ ನಾಲ್ಕು ಮೆಟ್ಟಿಲು ಇಳಿದು. ಒಂದು ಬೆಳಿಗ್ಗೆ ಅದೇ ಮೆಟ್ಟಿಲಿನಲ್ಲಿ ಕಿನ್ನಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಮಾರನೆಯ ವಾರವೇ ಮೋಹಿನಿ ಕಲ್ಲು ತರಿಸಿದಳು, ಜಾಬಿರ್ ಮೇಸ್ತ್ರಿಯನ್ನು ಕರೆಸಿದಳು. ತಾಯಿ ಮಲಗುವ ಕೋಣೆಯ ಹಿಂದಿನ ಗೋಡೆ ಒಡೆದು ಅಲ್ಲೇ ಒಂದು ಬಾತ್‌ರೂಮು ಎಂದು ಲೆಕ್ಕ. ಜಾಬಿರ್ ದಾರ ಕಟ್ಟಿ ಗುರುತು ಹಾಕಿದ್ದಷ್ಟೇ, ಯಾರೋ ಪುಣ್ಯಾತ್ಮರು ಶಕ್ತಿನಗರಕ್ಕೆ ಸುದ್ದಿ ಮುಟ್ಟಿಸಿದರು. ಯೋಗೀಶನ ವಕೀಲರಿಂದ ಕಾಗದ ಬಂತು. ಕೋರ್ಟಿನ ಆದೇಶ ಮೀರಿದರೆ ಜೈಲು ಎಂದು ಅದರಲ್ಲಿತ್ತು. ರುಡೊಲ್ಫ್ ಸಹ ಬೈದರು. ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎಂದು ಮೋಹಿನಿ ಬರೆದುಕೊಡಬೇಕಾಯಿತು. ಬರೆದುಕೊಟ್ಟು ಬಂದ ದಿನ ಅವಳು ಊಟ ಮಾಡಲಿಲ್ಲ.

"ಬಾತ್‌ರೂಮಿಗೆ ಅಂತ ಬೇರೆ ಅರ್ಜಿ ಹಾಕುವ," ಎಂದರು ರುಡೊಲ್ಫ್. ಹಾಕಿದರು. ಅರ್ಜಿಯನ್ನು ಮುಖ್ಯ ಕೇಸಿನ ಜೊತೆಯಲ್ಲೇ ನೋಡುತ್ತೇವೆ ಎಂದು ಅಲ್ಲಿಂದ ಬಂತು. ಕೇಸು ಮುಗಿದ ಮೇಲೆ ಬಾತ್‌ರೂಮು ಕಟ್ಟಲು ಅರ್ಜಿ ಯಾಕೆ ಬೇಕು, ಅದನ್ನು ಕೇಳುವವರು ಯಾರು?

ಮಗಳು ಮಾನ್ಯಾ ಒಂದು ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅವಳ ಮೊಬೈಲಿನಲ್ಲಿ ಕೇಸಿನ ತಾರೀಕು ನೋಡಬಹುದು. ಪ್ರತಿ ಸಲ ಲಿಸ್ಟಿನಲ್ಲಿ ಹೆಸರು ಬಂದಾಗ ಮೋಹಿನಿ ಮೀನಿನ ಕೈಯಲ್ಲೇ ಫೋನು ಮಾಡುತ್ತಿದ್ದಳು. ಪ್ರತಿ ಸಲ ಉತ್ತರ ಒಂದೇ.

"ಇವತ್ತು ನಮ್ಮದು ತಲುಪಲಿಲ್ಲಮ್ಮ. ಅದರ ಮೊದಲಿನದ್ದರಲ್ಲೇ ಸಂಜೆ ಆಯ್ತಂತೆ."

"ಎಷ್ಟು ದೂರದಿಂದ ಬರ್ತಾ ಉಂಟು ಅದು, ತಲುಪಲಿಕ್ಕೆ?" ಎಂದು ಮೋಹಿನಿ ಫೋನಿಗೇ ಕೂಗುತ್ತಿದ್ದಳು.

ಹಾಗೆ ಇರುವಾಗ ಕಿನ್ನಿಗೆ ಜ್ವರ ಬಂತು. ಬಿಡದ ಜ್ವರ, ನಡುಕ, ಬಾಯಲ್ಲಿ ತಪ್ಪು ತಪ್ಪು ಮಾತು. ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಮೂತ್ರದ ಸೋಂಕು ಎಂದರು. "ಅಜ್ಜಿ ನೀರೇ ಕುಡಿಯುವುದಿಲ್ಲವಾ? ಒಳಗೆಲ್ಲ ಒಣಗಿಹೋಗಿದೆ. ಹೀಗೇ ಆದರೆ ಕಿಡ್ನಿ ಹೋಗ್ತದೆ," ಎಂದು ಮೋಹಿನಿಯನ್ನೇ ಗದರಿಸಿದರು.

ಜ್ವರ ಇಳಿದ ಮೇಲೆ ಮೋಹಿನಿ ತಾಯಿಯ ಮಂಚದ ಹತ್ತಿರ ಕುಳಿತು ಕೇಳಿದಳು. "ತಂಬಿಗೆಯಲ್ಲಿ ನೀರು ಇಟ್ಟು ಹೋಗ್ತೇನಲ್ಲ ಅಮ್ಮ, ಕುಡಿಯಲಿಕ್ಕೆ ನಿಮಗೆ ಎಂತ ರೋಗ?"

ಕಿನ್ನಿ ಆ ಕಡೆ ತಿರುಗಿ ಮಲಗಿದಳು. ಆ ಕಡೆಗೇ ಮುಖ ಮಾಡಿ ಹೇಳಿದಳು. "ಕುಡಿದರೆ ಹೊರಗೆ ಹೋಗಬೇಕಲ್ಲ. ನೀನು ಮಾರ್ಕೆಟ್ಟಿಗೆ, ನಿನ್ನ ಗಂಡ ಬೋಟಿಗೆ, ಮಾನ್ಯಾ ಕೆಲಸಕ್ಕೆ. ಮೆಟ್ಟಿಲು ಇಳಿಸುವವರು ಯಾರು? ಬಟ್ಟೆಯಲ್ಲಿ ಹೋಗುವುದಕ್ಕಿಂತ ಬಾಯಾರಿಕೆಯಲ್ಲಿ ಇರುವುದು ಒಳ್ಳೆಯದು."

ಮೋಹಿನಿ ಹೊದಿಕೆ ಎಳೆದು ತಾಯಿಯ ಕಾಲು ಮುಚ್ಚಿದಳು. ತನ್ನ ತಾಯಿ, ಒಂದು ಕಾಲದಲ್ಲಿ ಇಡೀ ಕೇರಿಯನ್ನು ಬಾಯಲ್ಲೇ ಆಳಿದವಳು, ಮನೆಯೊಳಗೆ ಕುಳಿತು ನೀರಿಗೆ ಹೆದರುತ್ತಿದ್ದಾಳೆ. ಯಾರ ಮೇಲೆ ಸಿಟ್ಟು ಮಾಡುವುದು? ದಿಲ್ಲಿ ದೂರ. ಸೇಸಪ್ಪ ಮಾವ ಸತ್ತಿದ್ದಾರೆ. ಮಾವನ ಹೆಸರಿಗೆ ಮಾಡು ಎಂದು ಹಟ ಹಿಡಿದ ಕಿನ್ನಿ ಇಗೋ ಮಂಚದಲ್ಲಿ ಕಡ್ಡಿಯ ಹಾಗೆ ಮಲಗಿದ್ದಾಳೆ. ಉಳಿದವನು ಯೋಗೀಶ.

ಆಸ್ಪತ್ರೆಯಿಂದ ಬಿಟ್ಟ ದಿನ ಆಟೋದವನು "ಜೆಪ್ಪುವಿಗಲ್ಲವಾ?" ಎಂದು ಕೇಳಿದ.

"ಶಕ್ತಿನಗರಕ್ಕೆ," ಎಂದಳು ಮೋಹಿನಿ.

"ಅಮ್ಮ, ನಿಮಗೆ ತಲೆ ಸರಿ ಉಂಟಾ?" ಎಂದಳು ಮಾನ್ಯಾ.

"ಇಲ್ಲ. ನೀನು ಬಾಯಿ ಮುಚ್ಚಿ ಅಜ್ಜಿಯನ್ನು ಹಿಡಿದುಕೋ."

ಯೋಗೀಶನದ್ದು ಕೊಲ್ಲಿಯಲ್ಲಿ ದುಡಿದು ಕಟ್ಟಿದ ತಾರಸಿ ಮನೆ. ಬಾಗಿಲು ತೆರೆದದ್ದು ಅವನ ಹೆಂಡತಿ ಶಶಿಪ್ರಭಾ. ಒಳಗೆ ಬನ್ನಿ ಎನ್ನಬೇಕೋ ಬಾಗಿಲು ಹಾಕಿಕೊಳ್ಳಬೇಕೋ ತಿಳಿಯದೆ ಅವಳು ಹಾಗೇ ನಿಂತುಬಿಟ್ಟಳು. ಮೋಹಿನಿ ಕಾಯಲಿಲ್ಲ. ತಾಯಿಯನ್ನು ಒಂದು ಕಡೆ ತಾನು, ಇನ್ನೊಂದು ಕಡೆ ಮಾನ್ಯಾ ಹಿಡಿದು ನೇರ ಒಳಗೆ ತಂದು ಸೋಫಾದಲ್ಲಿ ಕೂರಿಸಿದಳು. ಸದ್ದು ಕೇಳಿ ಯೋಗೀಶ ಹೊರಗೆ ಬಂದ. ಅವನಿಗೂ ತಲೆ ನರೆತಿತ್ತು.

"ಇಗೋ ಯೋಗೀಶ, ನಿನ್ನ ಮಾಮಿ. ನಿನ್ನ ಅಪ್ಪನ ಒಡಹುಟ್ಟಿದ ಅಕ್ಕ. ನನ್ನ ಮನೆಯಲ್ಲಿ ಬಾತ್‌ರೂಮು ಕಟ್ಟಲಿಕ್ಕೆ ನೀನು ಬಿಡುವುದಿಲ್ಲ. ನಿನ್ನಲ್ಲಿ ಎರಡು ಉಂಟಂತಲ್ಲ? ಕೇಸು ತೀರ್ಮಾನ ಆಗುವವರೆಗೆ ಇವರನ್ನು ಇಲ್ಲಿ ಇಟ್ಟುಕೋ. ನೀರು ಕುಡಿಸಬೇಕಂತೆ, ಡಾಕ್ಟರು ಹೇಳಿದ್ದಾರೆ. ತುಂಬ ಕುಡಿಸು."

"ಇದೆಂತ ತಮಾಷೆ ಮೋಹಿನಿಯಕ್ಕ? ಮಾತಾಡಲಿಕ್ಕೆ ಇದ್ದರೆ ವಕೀಲರ ಮೂಲಕ ಮಾತಾಡಿ."

"ವಕೀಲರಿಗೆ ಕಕ್ಕಸಿಗೆ ಹೋಗಲಿಕ್ಕೆ ಇಲ್ಲ. ಇವರಿಗೆ ಉಂಟು."

ಯೋಗೀಶನ ಮುಖ ಕೆಂಪಾಯಿತು. ಇಷ್ಟು ವರ್ಷ ಬಾಗಿಲ ಹಿಂದೆ ನುಂಗಿಕೊಂಡಿದ್ದದ್ದೆಲ್ಲ ಅವನ ಬಾಯಿಂದ ಒಮ್ಮೆಲೇ ಬಂತು.

"ಬಾತ್‌ರೂಮಿನ ವಿಷಯ ನೀವು ನನಗೆ ಹೇಳ್ತೀರಾ? ಶಾಲೆ ಬಿಡುವವರೆಗೆ ನಾನು ಗುಡ್ಡೆಗೆ ಹೋದವ. ಅಮ್ಮ ಬೀಡಿ ಕಟ್ಟಿ ನನ್ನನ್ನು ಸಾಕಿದ್ದು. ಅಪ್ಪ ಶನಿವಾರ ಸಂಜೆ ಬರುವುದು, ಸೋಮವಾರ ಬೆಳಿಗ್ಗೆ ನಿಮ್ಮಲ್ಲಿಗೆ ಹೋಗುವುದು. ನೆಂಟರ ಹಾಗೆ. ಶಾಲೆಯ ಫೀಸು ಕೇಳಿದರೆ ನಿನ್ನ ಸೋದರಮಾವನನ್ನು ಕೇಳು ಅಂತ ಹೇಳಿದ್ದಾರೆ ನನ್ನ ಹತ್ತಿರ. ನನಗೆ ಸೋದರಮಾವನೇ ಇಲ್ಲ. ನಿಮ್ಮ ಫೀಸು ಯಾರು ಕಟ್ಟಿದ್ದು? ಅವರು ಸತ್ತಾಗ ಹೆಣವೂ ನಿಮ್ಮ ಅಂಗಳದಿಂದಲೇ ಹೋಯ್ತು, ನನ್ನ ಅಮ್ಮ ಒಂದು ಮೂಲೆಯಲ್ಲಿ ನಿಂತು ನೋಡಿ ಬಂದರು. ಅಪ್ಪನದ್ದು ಅಂತ ನನಗೆ ಸಿಕ್ಕಿದ್ದು ಆ ಒಂದು ಕಾಗದದಲ್ಲಿರುವ ಹೆಸರು. ಅದನ್ನೂ ಬಿಟ್ಟುಕೊಡಬೇಕಾ ನಾನು?"

ಮಾವನಿಗೆ ಇನ್ನೊಂದು ಮನೆ ಇತ್ತು ಎಂದು ಮೋಹಿನಿಗೆ ಗೊತ್ತಿತ್ತು. ಆ ಮನೆಯಲ್ಲಿ ಒಬ್ಬ ಹುಡುಗ ಶನಿವಾರಕ್ಕಾಗಿ ಕಾಯುತ್ತಿದ್ದ ಎಂದು ಅವಳು ಯಾವತ್ತೂ ಯೋಚಿಸಿದವಳಲ್ಲ. ಈಗ ಯೋಚಿಸಬೇಕಾಯಿತು. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ಅದನ್ನೆಲ್ಲ ನಿನ್ನ ಅಪ್ಪ ಇರುವಾಗ ಅವರ ಹತ್ತಿರ ಕೇಳಬೇಕಿತ್ತು. ಸತ್ತ ಮೇಲೆ ನಾನು ಬುಟ್ಟಿ ಹೊತ್ತು ತೆಗೆದ ಜಾಗದಲ್ಲಿ ವಸೂಲಿ ಮಾಡುವುದಲ್ಲ."

"ನೀವು ಹೊತ್ತ ಬುಟ್ಟಿಗೆ ನನ್ನ ಅಪ್ಪನ ಹೆಸರು ಯಾಕೆ ಹಾಕಿದ್ರಿ?"

"ನೀವಿಬ್ಬರು ಆಮೇಲೆ ಜಗಳ ಮಾಡಿ," ಎಂದಳು ಕಿನ್ನಿ ಸೋಫಾದಿಂದ. "ನನಗೆ ಈಗ ಹೋಗಬೇಕು. ತಡೆಯುವುದಿಲ್ಲ."

ಶಶಿಪ್ರಭಾ ಯಾರನ್ನೂ ಕೇಳಲಿಲ್ಲ. ಬಂದು ಮುದುಕಿಯ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. "ಒಮ್ಮೆ ಬನ್ನಿ, ಒಬ್ಬಳಿಂದ ಆಗುವುದಿಲ್ಲ," ಎಂದು ಗಂಡನನ್ನು ಕರೆದಳು. ಅವನು ಹೋದ, ಮತ್ತೆ ಬಂದು ಗೋಡೆಗೆ ಮುಖ ಮಾಡಿ ನಿಂತ. ಒಳಗೆ ನೀರು ಬೀಳುವ ಸದ್ದು ತುಂಬ ಹೊತ್ತು ಕೇಳಿಸಿತು.

ಕಿನ್ನಿ ಹೊರಗೆ ಬಂದದ್ದು ಶಶಿಪ್ರಭಾಳ ನೈಟಿಯಲ್ಲಿ, ಬಿಸಿನೀರು ಬಿದ್ದ ಕೆಂಪು ಮುಖದಲ್ಲಿ. ಕುಳಿತವಳೇ ನೀರು ಕೇಳಿದಳು. ಒಂದು ಲೋಟ ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದಳು. ಮೋಹಿನಿ ಆ ಗಂಟಲನ್ನೇ ನೋಡುತ್ತಿದ್ದಳು. ತನ್ನ ಕೈಯಿಂದ ಎಷ್ಟು ಬೇಡಿಕೊಂಡರೂ ಒಳಗೆ ಇಳಿಯದ ನೀರು ಇಲ್ಲಿ ಇಳಿಯುತ್ತಿತ್ತು.

"ಏಳಿ ಅಮ್ಮ, ಹೋಗುವ."

"ನಾನು ಬರುವುದಿಲ್ಲ. ಇಲ್ಲೇ ಇರ್ತೇನೆ. ನೀನೇ ಹೇಳಿದ್ದಲ್ಲ, ಕೇಸು ಆಗುವವರೆಗೆ ಅಂತ."

"ನಾನು ಸಿಟ್ಟಿನಲ್ಲಿ ಹೇಳಿದ್ದು."

"ನೀನು ಸಿಟ್ಟಿಲ್ಲದೆ ಯಾವಾಗ ಹೇಳಿದ್ದಿ? ನನಗೆ ಆ ಐದು ಸೆಂಟ್ಸೂ ಬೇಡ ಮಗಾ, ಅವರ ತೀರ್ಪೂ ಬೇಡ. ಬೇಕಾದಾಗ ಒಂದು ಲೋಟ ನೀರು ಕುಡಿಯಲಿಕ್ಕೆ ಆದರೆ ಸಾಕು."

ತಂದೆಯ ಅಕ್ಕ ಮನೆಗೆ ಬಂದು ಇರುತ್ತೇನೆ ಎಂದರೆ ಬೇಡ ಎನ್ನಲು ಯೋಗೀಶನಿಗೂ ಬಾಯಿ ಬರಲಿಲ್ಲ. ಮೋಹಿನಿ ಮಗಳನ್ನು ಎಳೆದುಕೊಂಡು ಅದೇ ಆಟೋದಲ್ಲಿ ವಾಪಸು ಬಂದಳು. ಮನೆಗೆ ಬಂದು ತಾಯಿಯ ಹಾಸಿಗೆ ಮಡಚಿದಳು, ತಂಬಿಗೆಯ ನೀರನ್ನು ಬಸಳೆಯ ಬುಡಕ್ಕೆ ಚೆಲ್ಲಿದಳು, ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತಳು. ದುಃಖಕ್ಕಿಂತ ಅವಮಾನ ದೊಡ್ಡದಾಗಿತ್ತು. ತಾಯಿಗಾಗಿ ಮನೆ ಉಳಿಸಬೇಕೆಂದು ಕೋರ್ಟಿನಿಂದ ಕೋರ್ಟಿಗೆ ಓಡಿದವಳು ಅವಳು. ತಾಯಿ ಹೋಗಿ ಕುಳಿತದ್ದು ಎದುರು ಪಾರ್ಟಿಯ ಮನೆಯಲ್ಲಿ, ಅದೂ ಸಂತೋಷದಲ್ಲಿ.

ಮಾರ್ಕೆಟ್ಟಿನಲ್ಲಿ ಸುದ್ದಿ ಹಬ್ಬಲು ಹೊತ್ತು ಬೇಕೇ? ಮೋಹಿನಿ ತಾಯಿಯನ್ನು ಹಗೆಯವನ ಮನೆಯಲ್ಲಿ ಬಿಟ್ಟು ಬಂದಳಂತೆ ಎಂದು ಒಬ್ಬಳಿಂದೊಬ್ಬಳಿಗೆ ಹೋಯಿತು. ಯಾರೂ ಅವಳ ಎದುರು ಹೇಳಲಿಲ್ಲ, ಆ ಧೈರ್ಯ ಯಾರಿಗೂ ಇಲ್ಲ. ಅವಳು ಶಕ್ತಿನಗರದ ಕಡೆಗೆ ತಲೆ ಹಾಕಲಿಲ್ಲ. ಮಾನ್ಯಾ ಭಾನುವಾರ ಭಾನುವಾರ ಹೋಗಿ ಬರುತ್ತಿದ್ದಳು. ಅಜ್ಜಿ ದಪ್ಪ ಆಗಿದ್ದಾರೆ, ಅಜ್ಜಿ ಶಶಿಯತ್ತೆಗೆ ಮೀನಿನ ಸಾರು ಸರಿಯಾಗಿಲ್ಲ ಎಂದು ಬೈತಾರೆ, ಅಜ್ಜಿ ನಿಮ್ಮನ್ನು ಕೇಳಿದ್ರು. ಒಂದೊಂದು ಮಾತೂ ಮೋಹಿನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಅಷ್ಟರಲ್ಲಿ ದಿಲ್ಲಿಯಲ್ಲಿ ಕೇಸು ತಲುಪಿತು. ನಿಜಕ್ಕೂ ತಲುಪಿತು. ಮೂವರು ಜಡ್ಜರು ಎರಡು ದಿನ ಕೇಳುತ್ತಾರೆ ಎಂದು ರುಡೊಲ್ಫ್ ಮೊದಲೇ ಹೇಳಿದ್ದರು. ಎರಡನೆಯ ದಿನ ಮೋಹಿನಿ ಮಾರ್ಕೆಟ್ಟಿಗೆ ಹೋಗಲಿಲ್ಲ. ಬೆಳಿಗ್ಗೆಯಿಂದ ಚಾವಡಿಯಲ್ಲಿ ಫೋನನ್ನು ಎದುರಿಗಿಟ್ಟುಕೊಂಡು ಕುಳಿತಳು. ಗೆದ್ದರೆ ಆವತ್ತೇ ಜಾಬಿರನಿಗೆ ಹೇಳುವುದು, ಸೋತರೆ ಪಾತ್ರೆ ಪಗಡೆ ಕಟ್ಟುವುದು. ಎರಡಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಸಂಜೆಯ ಹೊತ್ತಿಗೆ ರುಡೊಲ್ಫ್ ಫೋನು ಮಾಡಿದರು. ದನಿಯಲ್ಲಿ ಉತ್ಸಾಹವಿತ್ತು.

"ಮೋಹಿನಿಯಕ್ಕ, ಇದು ಬಹಳ ಮಹತ್ವದ ಪ್ರಶ್ನೆ ಅಂತ ಅವರೇ ಹೇಳಿದ್ರು. ಮೂವರು ಸಾಕಾಗುವುದಿಲ್ಲ, ಐವರು ಕೂತು ಕೇಳಬೇಕಂತೆ. ನಮ್ಮ ಪಾಯಿಂಟಿಗೆ ಎಷ್ಟು ತೂಕ ಉಂಟು ನೋಡಿ."

"ಅಂದರೆ ತೀರ್ಪು?"

"ಅದು ಐವರ ಪೀಠ ಆದ ಮೇಲೆ. ಯಾವಾಗ ಅಂತ ಹೇಳಲಿಕ್ಕೆ ಆಗುವುದಿಲ್ಲ. ಅಲ್ಲಿಯವರೆಗೆ ಯಥಾಸ್ಥಿತಿ."

ಮೋಹಿನಿ ಫೋನು ಇಟ್ಟಳು. ಬೈಯಲಿಲ್ಲ. ಹಿಂದಿನ ಕೊಟ್ಟಿಗೆಗೆ ಹೋಗಿ ನೋಣಯ್ಯನ ಪಿಕಾಸಿ ತಂದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾಯಿ ಮಲಗುತ್ತಿದ್ದ ಕೋಣೆಯ ಹಿಂದಿನ ಗೋಡೆಗೆ ಬೀಸಿದಳು. ಗಿಲಾವು ಉದುರಿತು. ಮತ್ತೆ ಬೀಸಿದಳು. ಕೆಂಪುಕಲ್ಲು ಬಿರಿದು ಒಳಗೆ ಬಿತ್ತು.

ಕೆಲಸದಿಂದ ಬಂದ ಮಾನ್ಯಾ ಬಾಗಿಲಲ್ಲೇ ನಿಂತಳು. "ಅಮ್ಮ, ಬರೆದುಕೊಟ್ಟದ್ದು ಮರೆತುಹೋಯ್ತಾ? ಜೈಲಿಗೆ ಹಾಕ್ತಾರೆ."

"ಹಾಕಲಿ. ಜೈಲಿನಲ್ಲಿ ಒಳಗೇ ಕಕ್ಕಸು ಉಂಟಂತೆ. ಯೋಗೀಶನಿಗೆ ಫೋನು ಮಾಡು. ಮೋಹಿನಿ ಗೋಡೆ ಒಡೆದಿದ್ದಾಳೆ, ಬಂದು ನೋಡಿ ಹೋಗಿ ದಿಲ್ಲಿಗೆ ಹೇಳು ಅಂತ ಹೇಳು."

ಯೋಗೀಶ ಸ್ಕೂಟರಿನಲ್ಲಿ ಬಂದ. ಅಪ್ಪ ಸತ್ತ ಮೇಲೆ ಈ ಮನೆಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಗೋಡೆಯಲ್ಲಿ ಒಬ್ಬ ಮನುಷ್ಯ ತೂರುವಷ್ಟು ತೂತು ಬಿದ್ದಿತ್ತು. ಮೋಹಿನಿಯ ಕೂದಲು, ಹುಬ್ಬು ಎಲ್ಲ ಕೆಂಪು ಧೂಳು. ಅವಳು ಪಿಕಾಸಿ ಕೆಳಗಿಡಲಿಲ್ಲ.

"ನೋಡಿದೆಯಲ್ಲ? ಹೋಗು, ಹೇಳು."

"ಹೇಳ್ತೇನೆ," ಎಂದ ಯೋಗೀಶ. ಜೇಬಿನಿಂದ ಫೋನು ತೆಗೆದ. ತೆಗೆದವನು ಯಾರಿಗೂ ಮಾಡದೆ ಆ ತೂತನ್ನು ನೋಡುತ್ತ ನಿಂತ. ಆಮೇಲೆ ಸಿಟ್ಟಿನಲ್ಲೇ ಹೇಳಿದ, "ಇಂಡಿಯನ್ ಹಾಕಬೇಡಿ. ಮಾಮಿಗೆ ಕೂತರೆ ಏಳಲಿಕ್ಕೆ ಆಗುವುದಿಲ್ಲ. ಅಲ್ಲಿ ನಾವಿಬ್ಬರು ಹಿಡಿದು ಎತ್ತಬೇಕು. ಕುರ್ಚಿಯಂಥದ್ದು ಹಾಕಿ, ಗೋಡೆಗೆ ಹಿಡಿಯಲಿಕ್ಕೆ ಒಂದು ಕಂಬಿ."

ಮೋಹಿನಿ ಜೈಲಿಗೆ ತಯಾರಾಗಿದ್ದಳು, ಪೊಲೀಸರಿಗೆ ತಯಾರಾಗಿದ್ದಳು. ಈ ಮಾತಿಗೆ ತಯಾರಾಗಿರಲಿಲ್ಲ. ಬಿದ್ದ ಕಲ್ಲಿನ ರಾಶಿಯ ಮೇಲೆ ಹಾಗೇ ಕುಳಿತುಬಿಟ್ಟಳು. ಅವಳಿಗೆ ಅಳುವೂ ಬಂತು, ಅವನನ್ನು ಎತ್ತಿ ಬಾವಿಗೆ ಹಾಕಬೇಕು ಎಂದೂ ಅನ್ನಿಸಿತು.

"ಇಷ್ಟು ಹೇಳಲಿಕ್ಕೆ ನಿನಗೆ ಇಷ್ಟು ವರ್ಷ ಬೇಕಾಯ್ತಾ? ನನ್ನ ಅಮ್ಮ ನೀರು ಬಿಟ್ಟು ಸಾಯಲಿಕ್ಕೆ ಹೊರಟಿದ್ದರು."

"ನೀವು ಕೇಳಿದ್ರಾ?" ಎಂದ ಯೋಗೀಶ. "ಕಲ್ಲು ತರಿಸಿದ್ರಿ, ನನ್ನನ್ನು ಕೇಳಲಿಲ್ಲ. ದಿಲ್ಲಿಗೆ ಅರ್ಜಿ ಹಾಕಿದ್ರಿ, ನನ್ನನ್ನು ಕೇಳಲಿಲ್ಲ. ಮಂಗಳೂರಿನ ಒಳಗೇ ಇದ್ದೇನೆ ನಾನು. ಕೇಳಿದ್ದರೆ ಬೇಡ ಅಂತಲೇ ಹೇಳ್ತಿದ್ದೆನೋ ಏನೋ. ಆದರೆ ಒಂದು ಸಲ ಕೇಳಲಿಲ್ಲ ನೀವು. ಈ ಮನೆಯವರು ಯಾವತ್ತೂ ನನ್ನನ್ನು ಏನೂ ಕೇಳಿದವರಲ್ಲ."

ಮೋಹಿನಿ ಸೆರಗಿನಿಂದ ಮುಖ ಒರೆಸಿಕೊಂಡಳು. ಧೂಳು ಹೋಗಲಿಲ್ಲ, ಇನ್ನಷ್ಟು ಹರಡಿತು.

"ಸರಿ. ಈಗ ಕೇಳ್ತೇನೆ," ಎಂದಳು, ಬೈಯುವ ದನಿಯಲ್ಲೇ. "ಯೋಗೀಶ, ನಿನ್ನ ಮಾಮಿಗೆ ಇಲ್ಲಿ ಒಂದು ಬಾತ್‌ರೂಮು ಕಟ್ಟಲಾ?"

"ಕಟ್ಟಿ," ಎಂದ ಅವನು, ಅಷ್ಟೇ ಸಿಟ್ಟಿನಲ್ಲಿ. "ನಾನು ನೋಡಲಿಲ್ಲ ಅಂತ ಇಟ್ಟುಕೊಳ್ಳುವ. ಆದರೆ ಕೇಸು ಬಿಡುವುದಿಲ್ಲ."

"ಬಿಡಬೇಡ. ನಾನೂ ಬಿಡುವುದಿಲ್ಲ."

ಅವನು ಸ್ಕೂಟರ್ ತಿರುಗಿಸಿ ಹೋದ. ಮೋಹಿನಿ ಕಲ್ಲಿನ ಮೇಲೆ ಕುಳಿತೇ ಜಾಬಿರನಿಗೆ ಫೋನು ಮಾಡಿ ಬೆಳಿಗ್ಗೆ ಬೇಗ ಬರಲು ಹೇಳಿದಳು. ನಾಳೆ ಬರಲು ಆಗುವುದಿಲ್ಲ, ಬೇರೆ ಕಡೆ ಕೆಲಸ ಒಪ್ಪಿಕೊಂಡಿದ್ದೇನೆ ಎಂದು ಅವನು ಶುರುಮಾಡಿದ. ಅವನಿಗೆ ಅವಳು ಚೆನ್ನಾಗಿ ಬೈದಳು.